"ನಾನು ಮರೀಬಾರ್ದು" ಎಂದ ಮೇಷ್ಟ್ರು

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಉಗುರಿನ ಹಾಗೆ ಬೆಳೆದಿತ್ತು. ಆ ಬೆರಳನ್ನೇ ಎತ್ತಿ ಹಿಡಿದು ಇದು ಕರೆಂಟ್ ಹರಿಯೋ ದಿಕ್ಕು, ಮಡಚಿದ ಬೆರಳುಗಳು ಸುತ್ತೋ ದಿಕ್ಕು ಕಾಂತಕ್ಷೇತ್ರದ್ದು ಎಂದು ತೋರಿಸುತ್ತಿದ್ದರು. ಗುಬ್ಬಿಯ ಸಂತೆಯಲ್ಲಿ ಸಿಕ್ಕ ಹಳೆಯ ಹುಡುಗರು ನಮಸ್ಕಾರದ ಬದಲು ಹೆಬ್ಬೆರಳು ಎತ್ತಿದರೆ, ಮೇಷ್ಟ್ರು ತಾವೂ ಎತ್ತಿ ನಗುತ್ತಿದ್ದರು. ಕೆಲಸ ಅರ್ಧಕ್ಕೆ ಬಿಟ್ಟವರಿಗೆ ಅವರದೊಂದೇ ಮಾತು: "ದಾರಿ ಪೂರ್ತಿ ಇಲ್ದಿದ್ರೆ ಕರೆಂಟ್ ಹೊರಡೋದೇ ಇಲ್ಲ ಕಣ್ರೋ."

ಹತ್ತನೇ ಕ್ಲಾಸಿನಲ್ಲಿ ಅವರು ಬೋರ್ಡಿನ ಮೇಲೆ ಬರೆದ ಸರ್ಕ್ಯೂಟನ್ನು ನಾನು ಸರಿಯಾಗಿ ಇಳಿಸಿಕೊಂಡದ್ದೇ ಇಲ್ಲ. ಆಮ್ಮೀಟರಿಗೊಂದು ಸೊನ್ನೆ, ವೋಲ್ಟ್‌ಮೀಟರಿಗೊಂದು ಸೊನ್ನೆ, ಒಳಗೆ ಒಂದೊಂದು ಅಕ್ಷರ. ನನಗೆ ಕಾಣುತ್ತಿದ್ದದ್ದು ಎರಡು ಬಿಳಿ ಮಚ್ಚೆ. ಊಹೆಯ ಮೇಲೆ ಬರೆಯುತ್ತಿದ್ದೆ, ಅದಲುಬದಲಾಗುತ್ತಿತ್ತು. ಕಣ್ಣು ಮಂಜು ಎಂದು ಹೇಳಿಕೊಳ್ಳಲು ನಾಚಿಕೆ. ಕನ್ನಡಕ ಹಾಕಿದ ಹೆಣ್ಣಿಗೆ ಗಂಡು ಸಿಗುವುದು ಕಷ್ಟ ಎಂದು ಅಜ್ಜಿ ಯಾರದೋ ವಿಷಯದಲ್ಲಿ ಅಂದದ್ದನ್ನು ಕೇಳಿಸಿಕೊಂಡಿದ್ದೆ.

ಮೇಷ್ಟ್ರು ಅದನ್ನು ಉಡಾಫೆ ಎಂದುಕೊಂಡರು. ನೋಡಿಕೊಂಡು ಬರೆಯುವುದಕ್ಕೂ ಸೋಮಾರಿತನವೇ ಎಂದು ಬೈದು, ಹಿಂದಿನ ಗೋಡೆಗೆ ನಿಲ್ಲಿಸಿದರು. ಅಲ್ಲಿಂದ ಬೋರ್ಡೇ ಒಂದು ಕಪ್ಪು ಮೋಡ. ಪಾಠದುದ್ದಕ್ಕೂ ಹುಡುಗರು ತಿರುಗಿ ತಿರುಗಿ ನೋಡುವರು. ವಿದ್ಯುತ್ತಿನ ಪಾಠ ಮುಗಿಯುವವರೆಗೂ ನಾನು ನಿಂತೇ ಇದ್ದೆ.

ಆಮೇಲೆ ಬೆಳಕಿನ ಪಾಠ ಬಂತು. ಮೇಷ್ಟ್ರು ಪೀನ ಮಸೂರವನ್ನು ಕಿಟಕಿಗೆ ಎದುರಾಗಿ ಹಿಡಿದು, ಅದರ ಹಿಂದೆ ಬಿಳಿ ಹಾಳೆ ಇಟ್ಟು, ಒಬ್ಬೊಬ್ಬರನ್ನೇ ಕರೆದರು. ನಾನು ಬಗ್ಗಿ ನೋಡಿದೆ. ಹಾಳೆಯ ಮೇಲೆ ತಲೆಕೆಳಗಾದ ಒಂದು ಪುಟ್ಟ ತೆಂಗಿನಮರ. ಗರಿಗಳೆಲ್ಲ ಬಿಡಿ ಬಿಡಿ, ನಡುವೆ ಗೊನೆ.

"ಸಾರ್, ಈ ಮರದಲ್ಲಿ ಕಾಯಿ ಐತೆ," ಎಂದುಬಿಟ್ಟೆ.

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಮಸೂರ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಹೊರಗಿರೋ ಮರ ನೋಡು. ಅದ್ರಲ್ಲಿ ಕಾಯಿ ಕಾಣ್ತವಾ?"

ಹೊರಗೆ ನನಗೆ ಕಂಡದ್ದು ಹಸಿರು ಗುಡ್ಡೆ ಅಷ್ಟೇ. ಸುಳ್ಳು ಹೇಳೋಣವೆಂದುಕೊಂಡೆ, ಆಗದೆ ಇಲ್ಲ ಸಾರ್ ಎಂದೆ. ಗುಟ್ಟು ಎಲ್ಲರೆದುರು ಬಯಲಾಗಿ ನೆಲ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಮೇಷ್ಟ್ರೂ ನೆಲ ನೋಡುತ್ತಿದ್ದಾರೆ. ಕೊನೆಗೆ ಇಡೀ ಕ್ಲಾಸಿಗೆ ಕೇಳುವಂತೆ ಅಂದರು: "ತಪ್ಪು ನಂದು. ಕಣ್ಣು ಕಾಣದ ಮಗೂನ ನಿಲ್ಲಿಸ್ದೆ."

ಗೋಡೆಗೆ ನಿಂತದ್ದಕ್ಕಿಂತ ಆ ಮಾತಿಗೆ ನನಗೆ ಹೆಚ್ಚು ಅವಮಾನವಾಯಿತು. ಅವರಾದರೂ ಸುಮ್ಮನಿರಬಾರದಿತ್ತೇ ಅನ್ನಿಸಿತು.

ಸಂಜೆ ಅವರು ಮನೆಗೇ ಬಂದರು. ಅಜ್ಜಿ ಏನೇನೋ ಅಂದಳು. ಎಲ್ಲ ಕೇಳಿಸಿಕೊಂಡರು, ಆದರೆ ಅಪ್ಪ ಒಪ್ಪುವವರೆಗೆ ಜಗುಲಿಯಿಂದ ಏಳಲಿಲ್ಲ. ಮುಂದಿನ ವಾರ ಅಪ್ಪ ತುಮಕೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದರು.

ನಾನು ಮದುವೆಯಾಗಿ ಕುಣಿಗಲ್ ಸೇರಿದ ಎಷ್ಟೋ ವರ್ಷಗಳ ಮೇಲೆ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಮಗಳ ಎದುರೇ ಆ ಕಥೆ ತೆಗೆದರು. ಮುಜುಗರವಾಗಿ, ಬಿಡಿ ಸಾರ್, ನಾನು ಯಾವತ್ತೋ ಮರೆತೆ ಎಂದೆ. ಮರೆತಿರಲಿಲ್ಲ.

"ನೀನು ಮರ್ತ್ರೆ ಒಳ್ಳೇದು ಕಣಮ್ಮ," ಅಂದರು. "ನಾನು ಮರೀಬಾರ್ದು."

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಪಕ್ಕದಲ್ಲಿ ನಿಂತಿದ್ದ ಒಬ್ಬ ನರ್ಸ್, ನನಗಿಂತ ಬಹಳ ಚಿಕ್ಕವಳು, ತಾನೂ ಅವರ ಶಿಷ್ಯೆ ಎಂದು ಮಾತಿಗೆಳೆದಳು. ಪ್ರತಿ ವರ್ಷ ಪಾಠ ಶುರು ಮಾಡುವ ಮೊದಲು ಮೇಷ್ಟ್ರು ಒಬ್ಬೊಬ್ಬರಿಂದಲೂ ದೂರದಿಂದ ಬೋರ್ಡು ಓದಿಸುತ್ತಿದ್ದರಂತೆ. ಯಾಕೆ ಸಾರ್ ಎಂದರೆ, ಒಬ್ಬ ಹುಡುಗಿಗೆ ಅನ್ಯಾಯ ಮಾಡಿದೀನಿ ಅನ್ನುತ್ತಿದ್ದರಂತೆ. ತನಗೂ ಕನ್ನಡಕ ಬೇಕೆಂದು ಹಾಗೇ ಗೊತ್ತಾಯಿತು ಎಂದಳು.

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಆ ಹುಡುಗಿ ನಾನೇ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಒಟ್ಟಿಗೆ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು.