ಕೆಂಗೇರಿಯ ಕಹಿ ಮರಗೆಣಸಿಗೆ ಎರಡು ಹಳದಿ ಪಟ್ಟಿ

ಜನವರಿ 18, ಭಾನುವಾರ, ಬೆಳಿಗ್ಗೆ 9.40. ಲಗ್ಗೆರೆಯ ಮನೆಯಿಂದ ಹೊರಟೆ. ಕೈಚೀಲದಲ್ಲಿ ಮುಚ್ಚಳವಿರುವ ಎರಡು ಸೀಸೆ, ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿ ತಂದ ಎರಡು ಹಳದಿ ಕಾಗದದ ಪಟ್ಟಿ. ಸಯನೈಡ್ ಆವಿ ತಗಲಿದರೆ ಪಟ್ಟಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕೆಂಗೇರಿ ಉಪನಗರದಲ್ಲಿ ಚಿಕ್ಕಪ್ಪ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮರಗೆಣಸು ಬೆಳೆದಿದ್ದರು. ಗೆಡ್ಡೆ ಕಹಿ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದರು. ಚಿಕ್ಕಪ್ಪ ಮಾತ್ರ ಆ ಮಧ್ಯಾಹ್ನ ತಿಂದೇ ತೀರುವವರಿದ್ದರು.

ವಿಜಯನಗರದವರೆಗೆ ಬಸ್ಸು, ಹೆಂಗಸರಿಗೆ ಟಿಕೆಟ್ ಉಚಿತ. ಅಲ್ಲಿಂದ ಮೆಟ್ರೊ. ಪಕ್ಕದ ಆಂಟಿ ಸೀಸೆ ನೋಡಿ, "ಉಪ್ಪಿನಕಾಯಿಗಾ?" ಎಂದರು.

"ವಿಷ ನೋಡಕ್ಕೆ ಆಂಟಿ."

ಅವರು ಒಂದು ಸೀಟು ಸರಿದು ಕೂತರು. ಎಂಟನೇ ನಿಲ್ದಾಣ, ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿದೆ.

11.25ಕ್ಕೆ ಮನೆ ತಲುಪಿದಾಗ ಕುಕ್ಕರ್ ಕೂಗಿ ಆಗಿತ್ತು. ಒಂದು ಸೀಸೆಗೆ ಜಜ್ಜಿದ ಹಸಿ ಗೆಣಸು, ಇನ್ನೊಂದಕ್ಕೆ ಬೆಂದದ್ದು ಹಾಕಿ, ಪಟ್ಟಿ ಇಳಿಬಿಟ್ಟು ಮುಚ್ಚಿದೆ. ಎರಡು ಗಂಟೆಯ ನಂತರ ಹಸಿಯದು ಇಟ್ಟಿಗೆ ಬಣ್ಣ. ಬೆಂದದ್ದು ಹಾಗೇ ಹಳದಿ.

"ತಿನ್ನಬಹುದು ಚಿಕ್ಕಪ್ಪ" ಎಂದೆ.

"ನೋಡ್ದೇನೇ? ನಮ್ಮ ಹುಡುಗೀನೇ ಹೇಳ್ತಾ ಇದಾಳೆ!" ಎಂದು ಚಿಕ್ಕಮ್ಮನನ್ನು ಛೇಡಿಸಿ, ತಟ್ಟೆಗೆ ಹಸಿಮೆಣಸಿನ ಚಟ್ನಿ ಹಾಕಿಸಿಕೊಂಡರು.

ನಾನು ಡೈರಿ ತೆಗೆದೆ. ಬಣ್ಣ ಬರೆದೆ, 'ಕಾರಣ' ಎಂಬಲ್ಲಿ ಪೆನ್ನು ನಿಂತಿತು. ಗೆಣಸಿನಲ್ಲಿ ಸಯನೈಡ್ ಒಂದು ಸಕ್ಕರೆಗೆ ಅಂಟಿಕೊಂಡು ಸುಮ್ಮನಿರುತ್ತದೆ. ಬಿಡಿಸುವ ಕಿಣ್ವ ಅದೇ ಗೆಣಸಿನಲ್ಲಿ ಬೇರೆ ಕಡೆ ಇರುತ್ತದೆ. ಜಜ್ಜಿದಾಗ, ತುರಿದಾಗ ಎರಡೂ ಸೇರಿ ಆವಿ ಏಳುತ್ತದೆ. ಕುಕ್ಕರಿನ ಬಿಸಿಗೆ ಕಿಣ್ವ ಸತ್ತಿತ್ತು. ಪಟ್ಟಿ ಹಳದಿ ಉಳಿದದ್ದು ವಿಷ ಹೋಗಿದ್ದಕ್ಕಲ್ಲ, ಬಿಡಿಸುವವರಿಲ್ಲದ್ದಕ್ಕೆ ಇರಬಹುದು. ಹೊಟ್ಟೆಗೆ ಹೋದ ಮೇಲೆ ಬಿಡಿಸಿಕೊಂಡರೆ?

"ಚಿಕ್ಕಪ್ಪ, ಬಾಯಿಗೆ ಹಾಕ್ಬೇಡಿ!"

ತುತ್ತು ತುಟಿಯ ಹತ್ತಿರವೇ ನಿಂತಿತು. "ಈಗ ತಾನೇ ತಿನ್ನಿ ಅಂದ್ಯಲ್ಲೇ?"

"ನಾನ್ ಹೇಳಿದ್ದು ತಪ್ಪು."

"ಅದನ್ನೂ ಬರ್ಕೊಳ್ಳೇ" ಎಂದರು ಚಿಕ್ಕಮ್ಮ. ಬರೆದುಕೊಂಡೆ: 1.40, ತಪ್ಪು ಒಂದು.

"ಹತ್ತು ತಿಂಗ್ಳು ಬಿಂದಿಗೇಲಿ ನೀರು ಹೊತ್ತಿದೀನಿ ಕಣೇ. ಒಂದ್ ಚೂರೂ ಬೇಡ್ವಾ?" ಎಂದರು ಚಿಕ್ಕಪ್ಪ.

"ಒಂದ್ ಚೂರೂ ಬೇಡ."

ಚಿಕ್ಕಪ್ಪ ತುತ್ತನ್ನು ತಟ್ಟೆಗಿಳಿಸಿ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು. ನನ್ನ ಕಡೆ ನೋಡದೆ ಅನ್ನ, ಹುರುಳಿಕಾಳಿನ ಸಾರು ಉಂಡರು. ಕೋಪ ಬಂದಿದೆ ಅಂದುಕೊಂಡೆ. ಸಂಜೆ ನಿಲ್ದಾಣದವರೆಗೂ ನನ್ನ ಚೀಲ ಹೊತ್ತು ಬಂದರು.

"ತುರಿದು, ನೆನೆಸಿ, ಹಿಂಡಿದ್ರೆ ಹೋಗತ್ತಾ?"

"ಹೋಗತ್ತೆ ಅಂತ ಓದಿದೀನಿ. ಈ ಜಾತಿಗೆ ಎಷ್ಟು ದಿನ ಬೇಕೋ ಗೊತ್ತಿಲ್ಲ ಚಿಕ್ಕಪ್ಪ."

"ಗೊತ್ತಿಲ್ಲ ಅಂದ್ಯಲ್ಲ, ಸಾಕು. ಕಾಯ್ತೀನಿ."

6.10ರ ಮೆಟ್ರೊ ಹತ್ತಿದೆ. ಐದು ಗಿಡ ಇನ್ನೂ ನೆಲದಲ್ಲಿವೆ. ಕಹಿ ಮರಗೆಣಸನ್ನು ಹದಮಾಡಿ ಉಂಡ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಷ್ಟು ದಿನ ನೆನೆಸುತ್ತಿದ್ದಿರಿ, ವಿಷ ಹೋಯಿತೆಂದು ಹೇಗೆ ತಿಳಿಯುತ್ತಿದ್ದಿರಿ, ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಚಿಕ್ಕಪ್ಪ ಗುದ್ದಲಿ ಮುಟ್ಟುವುದಿಲ್ಲ.