ಎದುರಾಳಿ ಇಲ್ಲದ ಚಿನ್ನ

ಆಕೆಯ ಪರಿಚಯ ಲೇಖನ ಬರೆಯಲು ಹೊರಟ ನನಗೆ ಮೊದಲ ಮಾತುಕತೆಗೆ ಸಮಯ ಗೊತ್ತುಮಾಡುವಷ್ಟರಲ್ಲೇ ಸಾಕುಸಾಕಾಗಿತ್ತು. ವಾರದ ಸಂಜೆಗಳು ಜಿಯು-ಜಿಟ್ಸುಗೆ, ಭಾನುವಾರದ ಬೆಳಗು ಜೂಡೊಗೆ, ಮಧ್ಯಾಹ್ನ ಮೈಕೈ ನೋವಿಗೆ ಮೀಸಲು ಎಂದು ಆಕೆ ಫೋನಿನಲ್ಲೇ ಸಾಗಹಾಕಿದ್ದರು. ಕಡೆಗೆ ಆಕೆಯ ಅಕ್ಕ ನಡುವೆ ಬಂದು, ಆಕೆ ಕೆಲಸ ಮಾಡುವ ಕನ್ನಡಕದ ಕಾರ್ಯಾಗಾರದಲ್ಲೇ ಊಟದ ಬಿಡುವಿನಲ್ಲಿ ಕೂರುವುದೆಂದು ಒಪ್ಪಿಸಿದರು. ಅದಕ್ಕೆ ಅಕ್ಕ ಕೇಳಿದ ಉಪಕಾರ ಒಂದೇ: "ಅವಳ ಚಿನ್ನದ ಪದಕಗಳ ವಿಷಯ ತೆಗೀರಿ. ನಾನು ತೆಗೆದ್ರೆ ಸಿಡಿಮಿಡಿ ಅಂತಾಳೆ."

ವಿಷಯ ತೆಗೆದಾಗ ಆಕೆ ಉಜ್ಜುತ್ತಿದ್ದ ಗಾಜನ್ನು ಬೆಳಕಿಗೆ ಹಿಡಿದು, ಅಂಚು ನೋಡಿ, ಒರೆಸಿ ಕೆಳಗಿಟ್ಟರು.

"ಮೂರು ಚಿನ್ನ ಇದೆ. ಒಂದಕ್ಕೂ ಆಟ ಆಡಿಲ್ಲ."

ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಆಕೆಯ ಕಸುಬು. ಬಗ್ಗಿ ಕೂತು ಕತ್ತು ಹಿಡಿದುಕೊಂಡಾಗ, ಏನಾದರೂ ವ್ಯಾಯಾಮ ಮಾಡಿ ಎಂದರು ವೈದ್ಯರು. ಮನೆಗೆ ಹೋಗುವ ದಾರಿಯಲ್ಲಿ ಟೈರ್ ಅಂಗಡಿಯ ಮೇಲೊಂದು ಜೂಡೊ ತರಗತಿ ಇತ್ತು. ಬೇರೆಡೆ ಹುಡುಕಲು ಸೋಮಾರಿತನವಾಗಿ ಆಕೆ ಅದೇ ಮೆಟ್ಟಿಲು ಹತ್ತಿದರು. ನಲವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಕೆಲವು ವರ್ಷಗಳಲ್ಲಿ ಅದೇ ಕೋಣೆಯ ಬ್ರೆಜಿಲಿಯನ್ ಜಿಯು-ಜಿಟ್ಸು ತರಗತಿಗೂ ಸೇರಿದರು. ಜೂಡೊದಲ್ಲಿ ಎದುರಾಳಿಯನ್ನು ಅಂಗಾತ ಬೀಳುವಂತೆ ಚೊಕ್ಕವಾಗಿ ಎಸೆದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಜಿಯು-ಜಿಟ್ಸುವಿನಲ್ಲಿ ಎಸೆತಕ್ಕೆ ಎರಡು ಅಂಕ ಮಾತ್ರ. ಆಮೇಲೆ ನೆಲದ ಮೇಲೆ ಹಿಡಿದು ಬಿಗಿಯುವ ಸೆಣಸಾಟ ನಡೆದೇ ನಡೆಯುತ್ತದೆ.

ತರಗತಿಯಲ್ಲಿ ಇದ್ದವರೆಲ್ಲ ಚಿಕ್ಕ ವಯಸ್ಸಿನ ಗಂಡಸರು. ಹಿಡಿತ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಅವರ ಕೈ ಸಡಿಲವಾಗುತ್ತಿತ್ತು.

"ಯಾಕೋ ಬಿಟ್ಟೆ?" ಎಂದು ಆಕೆ ಒಬ್ಬ ಹುಡುಗನನ್ನು ಕೇಳುವರು.

"ಬಿಡ್ಲಿಲ್ಲ ಅಕ್ಕ, ಜಾರ್ತು."

"ನಿನ್ನ ಕನ್ನಡಕ ಮಾಡೋಳು ನಾನು ಅಂತ ಹೆದರಿದ್ಯಾ?"

"ಛೆ, ಅದಕ್ಕಲ್ಲ. ನಮ್ಮಮ್ಮಂಗೂ ನಿಮ್ಮಷ್ಟೇ ವಯಸ್ಸು."

ಈ ಮಾತು ಆಕೆಯ ಮೈ ಉರಿಸುತ್ತಿತ್ತು. ತನ್ನ ಮೇಲೆ ಕನಿಕರವಿಲ್ಲದ ಒಬ್ಬರೊಡನೆ ಒಂದೇ ಒಂದು ಪಂದ್ಯ ಆಡಬೇಕು, ಕಲಿತದ್ದು ಅಲ್ಲಿ ನಿಲ್ಲುತ್ತದೋ ಇಲ್ಲವೋ ತಿಳಿಯಬೇಕು ಎಂಬುದಷ್ಟೇ ಆಕೆಯ ಆಸೆ. ಅದಕ್ಕಾಗಿ ಊರೂರು ಅಲೆದು ಜಿಯು-ಜಿಟ್ಸು ಪಂದ್ಯಾವಳಿಗಳಿಗೆ ಹೆಸರು ಕೊಟ್ಟರು. ಆದರೆ ಆ ವಯಸ್ಸಿನ, ಆ ತೂಕದ ಹೆಂಗಸರ ವಿಭಾಗಕ್ಕೆ ಆಕೆ ಬಿಟ್ಟರೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಒಬ್ಬರೇ ಇದ್ದರೆ ಅವರಿಗೇ ಚಿನ್ನ ಎಂಬುದು ನಿಯಮ. ಹೊಟ್ಟೆ ಕಟ್ಟಿ ತೂಕ ಇಳಿಸಿ, ಬೆಲ್ಟ್ ಬಿಗಿದು, ದಿನವಿಡೀ ಕಾದು, ಕೊನೆಗೆ ಪದಕದ ವೇದಿಕೆಯ ಖಾಲಿ ಮೆಟ್ಟಿಲುಗಳ ನಡುವೆ ಒಂಟಿಯಾಗಿ ನಿಂತು ಫೋಟೊಗೆ ಹಲ್ಲು ಕಿರಿಯಬೇಕಿತ್ತು.

ಕನ್ನಡಕದ ಅಂಗಡಿಯ ಯಜಮಾನರು ಆ ಫೋಟೊವನ್ನು ಗಲ್ಲಾದ ಮೇಲೆ ತೂಗುಹಾಕಿದರು. ಬಂದ ಗಿರಾಕಿಗಳು, ಎಷ್ಟು ಜನರನ್ನು ಬೀಳಿಸಿದಿರಿ ಎಂದು ಕೇಳುತ್ತಿದ್ದರು.

"ಯಾರನ್ನೂ ಇಲ್ಲ. ಯಾರೂ ಬಂದೇ ಇರ್ಲಿಲ್ಲ," ಎನ್ನುವರು ಆಕೆ.

"ಹೆದರಿ ಬಂದಿಲ್ಲ ಅಂತ ಹೇಳಮ್ಮ. ಇರೋದನ್ನ ಹೇಳೋಕೂ ಸಂಕೋಚನಾ?" ಎನ್ನುವರು ಯಜಮಾನರು.

ನಾಲ್ಕನೆಯ ಸಲ ಅದೃಷ್ಟ ಖುಲಾಯಿಸಿತು. ಶಾಲಾ ಬಸ್ಸು ಓಡಿಸುವ ಒಬ್ಬಾಕೆ ಹೆಸರು ಕೊಟ್ಟಿದ್ದರು, ಆದರೆ ಅವರದು ಮೇಲಿನ ತೂಕದ ವಿಭಾಗ. ಎರಡನ್ನೂ ಕೂಡಿಸಬಹುದೇ ಎಂದು ಸಂಘಟಕರು ಕೇಳಿ ಮುಗಿಸುವ ಮೊದಲೇ ಈಕೆ ಹೂಂಗುಟ್ಟಿದ್ದರು.

ಪಂದ್ಯ ಶುರುವಾಯಿತು. ಇಬ್ಬರೂ ಕಾಲರು ಹಿಡಿದು ಎಳೆದಾಡಿದರು. ಬಸ್ಸಿನಾಕೆ ಮುಂದೆ ತೂರಿಬಂದ ಗಳಿಗೆಯಲ್ಲಿ ಈಕೆ ಸರ್ರನೆ ತಿರುಗಿ, ಸೊಂಟದ ಮೇಲೆ ಹೊತ್ತು ಎಸೆದರು. ಮ್ಯಾಟಿನ ಸದ್ದಿಗೆ ಇಡೀ ಸಭಾಂಗಣ ತಿರುಗಿ ನೋಡಿತು. ಅಂಥ ಎಸೆತ ಈಕೆಗೆ ಜನ್ಮದಲ್ಲೇ ಸಾಧಿಸಿರಲಿಲ್ಲ.

ಎಸೆದವರೇ ಕೈ ಬಿಟ್ಟರು. ಎದ್ದು ನಿಂತು, ಕೆದರಿದ ಅಂಗಿ ಸರಿಮಾಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಜೂಡೊದ ಪದ್ಧತಿಯಂತೆ ನಮ್ರವಾಗಿ ತಲೆಬಾಗಿಸಿದರು.

"ಮೇಡಂ, ಮುಗಿದಿಲ್ಲ, ಮುಗಿದಿಲ್ಲ," ಎಂದು ಜಿಯು-ಜಿಟ್ಸು ಕಲಿಸುವ ಮೇಷ್ಟ್ರು ಅಂಚಿನಿಂದ ಬಡಕೊಂಡರು. ಬಾಗಿದ ತಲೆ ಏಳುವಷ್ಟರಲ್ಲಿ ಬಸ್ಸಿನಾಕೆ ಎರಡೂ ಕಾಲು ತಬ್ಬಿ ಕೆಡವಿ, ಬೆನ್ನಿಗೆ ಬಿದ್ದು, ಕಾಲರಿನಿಂದಲೇ ಕತ್ತು ಬಿಗಿದಾಗಿತ್ತು. ಸೋಲೊಪ್ಪಿದ ಗುರುತಾಗಿ ಈಕೆ ಮ್ಯಾಟನ್ನು ತಟ್ಟಿದರು.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಬಾಯಿ ಬಡ್ಕೊಂಡು ಹೇಳಿದ್ದೀನಲ್ಲ, ಇಲ್ಲಿ ಬೀಳಿಸಿದ ಮೇಲೂ ಹಿಡಿದಿರಬೇಕು ಅಂತ. ನೀವು ನೋಡಿದ್ರೆ ನಮಸ್ಕಾರ ಮಾಡ್ತಾ ನಿಂತಿದ್ದೀರಿ."

"ಗೊತ್ತು ಮೇಷ್ಟ್ರೆ. ತಲೆಗೆ ಗೊತ್ತಿತ್ತು. ಮೈ ಕೇಳ್ಲಿಲ್ಲ."

ಬಸ್ಸಿನಾಕೆ ನೀರಿನ ಬಾಟಲಿ ಹಿಡಿದು ಬಂದರು. "ನೀವು ತಲೆ ಬಗ್ಗಿಸಿದಾಗ ಒಂದು ಕ್ಷಣ ಅಯ್ಯೋ ಅನ್ನಿಸ್ತು. ಆದ್ರೂ ಬಿಡ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

"ಬಿಟ್ಟಿದ್ರೆ ನಿಮ್ಮ ಮುಖ ನೋಡ್ತಿರ್ಲಿಲ್ಲ," ಎಂದರು ಆಕೆ.

ಮನೆಯಲ್ಲಿ ಅಕ್ಕ ಬೆಳ್ಳಿಯ ಪದಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನೇ, ಚಿನ್ನದಿಂದ ಇಳಿದುಬಿಟ್ಟೆ? ಎಷ್ಟು ಜನರಲ್ಲಿ ಎರಡನೇದು?"

"ಇಬ್ಬರಲ್ಲಿ."

"ಇದನ್ನ ಯಾರ ಮುಂದೆನೂ ಆಡಬೇಡ ಮಾರಾಯ್ತಿ."

ನಾನು ಬರೆದುಕೊಂಡದ್ದನ್ನು ತಿದ್ದುಪಡಿಗಾಗಿ ಓದಿ ಹೇಳುವ ದಿನ ಅಕ್ಕನೂ ಬಂದು ಕೂತಿದ್ದರು. ಮೂರು ಚಿನ್ನಗಳ ಸಾಲು ಬಂದಾಗ ತಂಗಿ, "ಹೊಡೆದು ಹಾಕಿ," ಎಂದರು. ಅಕ್ಕ, "ಹೊಟ್ಟೆಕಿಚ್ಚಿನವರೂ ಹೀಗೆ ಮಾಡಲ್ಲ ಕಣೇ," ಎಂದು ಗೊಣಗಿದರು. ತಂಗಿ ಜಗ್ಗಲಿಲ್ಲ. ಆಕೆಯ ಕೋರಿಕೆಯಂತೆ ಲೇಖನದಲ್ಲಿ ಕ್ರೀಡಾ ಸಾಧನೆ ಎಂಬ ತಲೆಬರಹದ ಕೆಳಗೆ ಈ ಒಂದು ನಮೂದು ಮಾತ್ರ ಉಳಿದಿದೆ: ೨೦೧೯ರ ನವೆಂಬರ್ ೧೭, ಭಾನುವಾರ, ಒಂದು ಪಂದ್ಯ ಆಡಿದರು, ಸೋತರು.