ರೋಬೋಗೆ ಹೆಸರಿಟ್ಟದ್ದು

ಕಪ್ಪು ಪರದೆ ಕಂಡರೆ ನನಗೆ ಆಗದು. ಕಂಪ್ಯೂಟರಿನಲ್ಲಿ ಚಿತ್ರವಿಲ್ಲದೆ, ಒತ್ತಲು ಗುಂಡಿಯಿಲ್ಲದೆ, ಮೂಲೆಯಲ್ಲಿ ಒಂದು ಪುಟ್ಟ ಗೀಟು ಮಾತ್ರ ಮಿಟುಕುತ್ತಿರುತ್ತದಲ್ಲ, ಅದೇ. ಏನು ಬೇಕೋ ಟೈಪ್ ಮಾಡು ಎಂದು ಕಾಯುತ್ತದೆ. ಮಾಡಿದರೆ, ಅದಲ್ಲ ಎನ್ನುತ್ತದೆ. ವಿಜ್ಞಾನದ ಟೀಚರಾದ ನನಗೆ ಇಷ್ಟು ಅವಮಾನವನ್ನು ಯಾವ ಹೆಡ್‌ಮಾಸ್ಟರೂ ಮಾಡಿಲ್ಲ.

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ನಮ್ಮ ಶಾಲೆಗೆ ರೋಬೋ ಬಂದದ್ದು ಎರವಲಾಗಿ. ಎಂಟನೇ ಕ್ಲಾಸಿನ ಹುಡುಗಿಯರು ಗಾಲಿ, ಮೋಟರು, ವೈರು ಎಲ್ಲ ಜೋಡಿಸಿ ನಿಲ್ಲಿಸಿದ್ದರು. ಶುಕ್ರವಾರ ತೇನಿಯಿಂದ ಬರುವ ಅಧಿಕಾರಿಯ ಮುಂದೆ ಅದು ನಡೆದರೆ ನಮಗೇ ಉಳಿಯುತ್ತದೆ. ಇಲ್ಲದಿದ್ದರೆ ದಿಂಡಿಗಲ್ಲಿನ ಇನ್ನೊಂದು ಶಾಲೆಗೆ ಹೋಗುತ್ತದೆ. ರೋಬೋಗೆ ಅಪ್ಪಣೆ ಕೊಡುವ ಸಾಫ್ಟ್‌ವೇರನ್ನು ಆ ಕಪ್ಪು ಪರದೆಯಲ್ಲೇ ಟೈಪ್ ಮಾಡಿ ಕೂರಿಸಬೇಕಿತ್ತು. ಕೂರಿಸಿದೆ. ಹಳೆಯದಾಯಿತು, ಹೊಸದು ತಾ ಎಂದಿತು. ತಂದೆ. ಇದು ತೀರಾ ಹೊಸದಾಯಿತು ಎಂದಿತು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಕೊಂಕು ತೆಗೆಯುವುದಿಲ್ಲ. ಆಮೇಲೆ, ನಿನಗೆ ಅನುಮತಿ ಇಲ್ಲ ಎಂದಿತು. ಅಯ್ಯೋ, ಯಾರ ಅನುಮತಿ? ಕಂಪ್ಯೂಟರು ಶಾಲೆಯದು, ಬೀಗದ ಕೈ ನನ್ನ ಸೊಂಟದಲ್ಲಿ!

ಬುಧವಾರ ಮಧ್ಯಾಹ್ನ ಪರದೆಗೆ ಏನನ್ನಿಸಿತೋ, ಒಪ್ಪಿಕೊಂಡು ರೋಬೋಗೆ ಹೆಸರೇನು ಎಂದು ಕೇಳಿತು. ಅದರ ತಲೆಯ ಮೇಲೆ ಎರಡು ವೈರು ಕೊಂಬಿನ ಹಾಗೆ ನಿಂತಿದ್ದವು. ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು, "ತಂಬಿರಾನ್, ಟೀಚರ್!" ನಾನೂ ಖುಷಿಯಲ್ಲಿ ಅದನ್ನೇ ಟೈಪ್ ಮಾಡಿಬಿಟ್ಟೆ. ರೋಬೋ ಗರ್ರೆಂದು ಹೊರಟು ಬೆಂಚಿಗೆ ಗುದ್ದಿಕೊಂಡಿತು. ನಾವು ಕುಣಿದೆವು.

ಸಂಜೆ ಮನೆಯಲ್ಲಿ ಅಮ್ಮನ ಮುಂದೆ ಕೊಚ್ಚಿಕೊಂಡದ್ದೇ ತಪ್ಪಾಯಿತು. ತಂಬಿರಾನ್ ಎಂದರೆ ನಮ್ಮವರು ದೇವರಿಗೆ ಬಿಟ್ಟ ಎತ್ತು. ಅದರ ಹೆಗಲಿಗೆ ನೊಗ ಇಡುವಂತಿಲ್ಲ, ಹೊಲದಲ್ಲಿ ದುಡಿಸುವಂತಿಲ್ಲ. ಕನ್ನಡ ನಾಡು ಬಿಟ್ಟು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ, ಅರ್ಧ ಮಾತು ತಮಿಳಾಗಿದೆ, ಆದರೆ ಈ ಕಟ್ಟಳೆ ಮಾತ್ರ ಒಂದಿಷ್ಟೂ ಸಡಿಲಾಗಿಲ್ಲ.

"ಏನೇ, ದ್ಯಾವ್ರಿಗೆ ಬುಟ್ಟ ಎತ್ತಿನ್ ಪೇರು ಇಕ್ಕಿ ಅದ್ಕೇ ಕೆಲ್ಸ ಹೇಳ್ತೀಯಾ? ಇದಾ ನೀ ಓದಿದ್ದು?" ಎಂದಳು ಅಮ್ಮ.

"ಅದು ಬೊಂಬೆ ಅಮ್ಮಾ, ಪ್ಲಾಸ್ಟಿಕ್ಕು."

"ಬೊಂಬೆ ಆದ್ರೆ ಪೇರು ಯಾಕ್ ಇಕ್ದೆ?"

ಗುರುವಾರ ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ 'ಚಿಟ್ಟೆ' ಎಂದಿಟ್ಟೆ. ಅಷ್ಟೇ, ರೋಬೋ ಕಲ್ಲಾಯಿತು. ಚಿಟ್ಟೆ ಎಂಬ ರೋಬೋ ಸಿಗುತ್ತಿಲ್ಲ ಎಂದು ಪರದೆ ಹೇಳಿದ್ದನ್ನೇ ಹೇಳತೊಡಗಿತು. ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿದೆ. ಅತ್ತೂಬಿಟ್ಟೆ.

ಶುಕ್ರವಾರ ಅಧಿಕಾರಿ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ನಾನು ಬದಲಿಸಿದ್ದು ಕಂಪ್ಯೂಟರಿನಲ್ಲಿ ಮಾತ್ರ, ರೋಬೋದ ಒಳಗೆ ಹಳೆಯ ಹೆಸರೇ ಇದೆ. ಅದನ್ನು ಅಳಿಸಲು ನೆಟ್ ಬೇಕು, ಬೆಳಿಗ್ಗೆಯಿಂದ ನೆಟ್ ಇಲ್ಲ. ತಂಬಿರಾನ್ ಎಂದು ಕರೆದರೆ ಈಗಲೇ ನಡೆಯುತ್ತದೆ. ಟೈಪೂ ಮಾಡಿದೆ, ಎಂಟರ್ ಒತ್ತುವುದೊಂದೇ ಬಾಕಿ. ಹುಡುಗಿಯರನ್ನು ನೋಡಿದೆ. ಅವರ ಮನೆಗಳಲ್ಲೂ ಅಜ್ಜಿಯರಿದ್ದಾರಲ್ಲ, ಎಲ್ಲರೂ ಬೈಸಿಕೊಂಡೇ ಬಂದಿದ್ದರು. ಎಲ್ಲರ ಕಣ್ಣೂ ನನ್ನ ಬೆರಳಿನ ಮೇಲಿತ್ತು. ಅದು ಇಳಿಯಲಿಲ್ಲ. ಥೂ, ಎಂಥ ವಿಜ್ಞಾನದ ಟೀಚರು ನಾನು!

"ಓಡಲ್ಲ, ಸಾರ್" ಎಂದೆ.

ಜೀಪಿಗೆ ಏರಿಸುವ ಮೊದಲು ಹುಡುಗಿಯರು ಅದಕ್ಕೆ ಕುಂಕುಮ ಇಟ್ಟರು. ಆವತ್ತು ನಾನು ಪಾಠ ಮಾಡಲಿಲ್ಲ.

ಮುಂದಿನ ವಾರ ದಿಂಡಿಗಲ್ಲಿನ ಟೀಚರಮ್ಮ ಫೋನ್ ಮಾಡಿದರು. ಪಾಪ, ಅವರಿಗೂ ಕಪ್ಪು ಪರದೆ ಅನುಮತಿ ಇಲ್ಲ ಎಂದಿತ್ತಂತೆ. ಯಾವುದಾದ ಮೇಲೆ ಯಾವುದು ಎಂದು ಎಲ್ಲ ಬಿಡಿಸಿ ಹೇಳಿದೆ. ಕೊನೆಗೆ ಹೆಸರು ಕೇಳುತ್ತದಲ್ಲ, ಏನಿಡಲಿ ಎಂದರು.

"ಅದಕ್ಕೆ ಹೆಸರಿದೆ ಟೀಚರ್," ಎಂದೆ. "ತಂಬಿರಾನ್ ಎಂದು ಕರೆಯಿರಿ, ಬರುತ್ತದೆ. ನಿಮ್ಮ ಕಡೆ ನಮ್ಮ ಕಟ್ಟಳೆಯಿಲ್ಲ, ಅದು ದುಡಿದರೆ ತಪ್ಪಿಲ್ಲ."